ಹಂದಿ ಬಾರದ ಜಾಗ ಬೇಡ

ಸಾಹುಕಾರರು ತೆಗೆದ ಕಾಡುಪ್ರಾಣಿಗಳ ಚಿತ್ರಗಳಲ್ಲಿ ಒಂದರಲ್ಲೂ ಮುಖ ಇರಲಿಲ್ಲ. ಜಿಂಕೆಯ ಬಾಲ, ಹಂದಿಯ ಹಿಂಭಾಗ, ಕಾಡುಕೋಣದ ಹಿಂಭಾಗ, ಪೊದೆಯೊಳಗೆ ನುಗ್ಗುತ್ತಿರುವ ಯಾವುದರದೋ ಎರಡು ಕಾಲು. ಒಂದರಲ್ಲಿ ಬರೀ ಪೊದೆ. ಅದು ಅಲ್ಲಾಡುತ್ತಿತ್ತು ಎಂಬುದನ್ನು ಅವರು ಬಾಯಿಮಾತಿನಲ್ಲಿ ಹೇಳಬೇಕಾಗಿತ್ತು. ಎಲ್ಲವನ್ನೂ ಮೊಬೈಲಿಗೆ ಹಾಕಿಕೊಂಡು ಶಿರಸಿಯ ಪೇಟೆಯಲ್ಲಿ ಸಿಕ್ಕವರಿಗೆಲ್ಲ ತೋರಿಸುತ್ತಿದ್ದರು. ಜನ ಚೆನ್ನಾಗಿದೆ ಅನ್ನುತ್ತಿದ್ದರು. ಅವರ ಹೆಂಡತಿ ಮಾತ್ರ ಕನ್ನಡಕ ಏರಿಸಿಕೊಂಡು, "ಇದು ಯಾರ್ದ್ರೀ ಕುಂಡಿ?" ಎಂದು ಕೇಳುತ್ತಿದ್ದರು.

ಸಾಹುಕಾರರು ನನ್ನ ಗೆಳೆಯರು. ಬನವಾಸಿ ಕಡೆಯ ಹಳ್ಳಿಯೊಂದರಲ್ಲಿ ಕಾಳುಕಡಿ ವ್ಯಾಪಾರ ಮಾಡಿಕೊಂಡಿದ್ದವರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವಂತಿಲ್ಲ. ಅಂಗಡಿಯನ್ನು ತಮ್ಮನ ಕೈಗೆ ಕೊಟ್ಟ ಮೇಲೆ ಮೊಳದುದ್ದ ಮೂತಿಯ ಕ್ಯಾಮೆರಾ ಕೊಂಡು, ತಮ್ಮನ್ನು ತಾವೇ ಬೇಟೆಗಾರ ಎಂದು ಕರೆದುಕೊಳ್ಳತೊಡಗಿದರು. ಬೇಟೆ ಅವರ ಬಾಯಲ್ಲಿ 'ಬ್ಯಾಟಿ'. ನಾನು ಸ್ವಲ್ಪ ಕಾಲ ಶಾಲೆಯಲ್ಲಿ ಪಾಠ ಹೇಳಿದ್ದರಿಂದ ಅವರಿಗೆ ನಾನು ಇಂದಿಗೂ ಮಾಸ್ತರ. "ಬ್ಯಾಟಿಗೆ ಹೊಂಟೇನ್ರಿ ಮಾಸ್ತರ್ರ" ಎಂದು ಫೋನು ಮಾಡಿ ಹೋಗುತ್ತಿದ್ದರು, ಮತ್ತೊಂದು ಬಾಲ ಹಿಡಿದುಕೊಂಡು ಬರುತ್ತಿದ್ದರು.

ತೊಂದರೆ ಏನೆಂದರೆ, ಮುಖ ಬೇಕಾದರೆ ಒಂದೇ ಕಡೆ ಅಲುಗಾಡದೆ ಕೂತಿರಬೇಕು. ಸಾಹುಕಾರರಿಗೆ ಕೂರಲು ಎಲ್ಲೂ ಬಿಡುತ್ತಿರಲಿಲ್ಲ. ಕಾಡಿನಲ್ಲಿ ಕೂತರೆ ಗಾರ್ಡು ಬಂದು ಏಳಿ ಅನ್ನುತ್ತಿದ್ದ. ಯಾರದೋ ತೋಟದ ಅಂಚಿನಲ್ಲಿ ಕೂತರೆ ಕಾಯಿ ಕದಿಯಲು ಬಂದವರೆಂದು ಏಳಿಸುತ್ತಿದ್ದರು. ಕೆರೆ ಏರಿಯ ಮೇಲೆ ಕೂತರೆ ಏಳಿ ಎಂದು ಯಾರೂ ಅನ್ನುತ್ತಿರಲಿಲ್ಲ, ಬದಲಿಗೆ ದನ ಮೇಯಿಸುವವರು ಬಂದು ಪಕ್ಕದಲ್ಲೇ ಕೂತು ಜೋಳದ ರೇಟು ಕೇಳುತ್ತಿದ್ದರು.

"ನಂದ ಅಂತ ಒಂದು ಬ್ಯಾಟಿ ಜಾಗ ಇರಬೇಕ್ರಿ," ಎಂದರು ಒಂದು ದಿನ. "ಅಲ್ಲಿ ನಾ ಕುಂತ್ರ ಯಾವ ಮಗಾನೂ ಏಳು ಅನ್ನಬಾರ್ದು. ಒಂದ, ಒಂದು ಮುಖ ಸಿಕ್ರ ಸಾಕು."

"ಸ್ವಂತ ಜಾಗ ಆದರೂ ಪ್ರಾಣಿ ಕೊಂದರೆ ಜೈಲು, ಸಾವ್ಕಾರ್ರೇ."

"ಕೊಲ್ಲವ್ರು ಯಾರ್ರಿ? ಸೊಳ್ಳಿ ಕಡಿದ್ರ ಊದಿ ಕಳಸಾವ ನಾ."

ಇದನ್ನೆಲ್ಲ ಬರೆಯುವಾಗ ನನ್ನ ನೆನಪನ್ನು ನಾನು ನಂಬುವುದು ಜಾಗದ ದಲ್ಲಾಳಿಯನ್ನು ನಂಬಿದಷ್ಟು. ಅದು ಯಾವಾಗಲೂ ಮಾವಿನ ಮರ ಇರುವ ಕಡೆಯಿಂದಲೇ ಒಳಗೆ ಕರೆದುಕೊಂಡು ಹೋಗುತ್ತದೆ, ಕಲ್ಲು ತೆಗೆದ ಗುಂಡಿ ಇರುವ ಕಡೆಯಿಂದ ಅಲ್ಲ. ಆದ್ದರಿಂದ ಬರೆದದ್ದನ್ನು ಸಾಹುಕಾರರಿಗೆ ಓದಿ ಹೇಳುತ್ತಿದ್ದೇನೆ. ಅವರು ಎತ್ತಿದ ತಕರಾರುಗಳನ್ನೂ ಸೇರಿಸುತ್ತೇನೆ. ಮೊದಲನೆಯ ತಕರಾರು: ಪೊದೆಯ ಚಿತ್ರದಲ್ಲಿ ಬಾಲ ಇದೆ. ನನಗೆ ಕಾಣುವುದಿಲ್ಲ.

ಮೊದಲ ಜಾಗವನ್ನು ಅವರು ನನ್ನನ್ನು ಬಿಟ್ಟು ಒಬ್ಬರೇ ನೋಡಿ ಬಂದರು. ಹೆಗಡೆಕಟ್ಟಾದ ಹತ್ತಿರ. ಸಂಭ್ರಮ ತಡೆಯಲಾರದೆ ನೇರ ನಮ್ಮ ಮನೆಗೇ ಬಂದು, ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ಮುಗೀತ್ರಿ ಮಾಸ್ತರ್ರ, ಜಾಗ ಸಿಕ್ತು. ಅಲ್ಲೊಬ್ರು ಮುದುಕಪ್ಪ ಅದಾರ. ಹಂದಿ ಐತೇನ್ರಿ ಅಂದೆ. ಹಂದಿ ಇಲ್ಲೇ ಅಂದ್ರು. ಮಂಗ್ಯಾ? ಮಂಗಾ ಇಲ್ಲೇ ಅಂದ್ರು. ಕಾಡುಕೋಣ ಅಂದೆ, ಕೈ ಹಿಂಗ ಗುಡ್ಡದ ಈ ತುದಿಯಿಂದ ಆ ತುದಿತನಕ ಬೀಸಿ, ಅದೂ ಇಲ್ಲೇ, ಎಲ್ಲಾ ಇಲ್ಲೇ ಅಂದ್ರು. ಒಂದ ಗುಡ್ಡದಾಗ ಎಲ್ಲಾ ಐತ್ರಿ!"

ನನಗೆ ಆಗಲೇ ಅನುಮಾನ ಬಂತು ಎಂದು ಬರೆದುಕೊಂಡಿದ್ದೆ. ಬಂದಿರಲಿಕ್ಕಿಲ್ಲ. ಬಂದಿದ್ದರೆ ಮರುದಿನ ಅವರ ಸ್ಕೂಟರಿನ ಹಿಂದೆ ಕೂತು ಅಷ್ಟು ದೂರ ಹೋಗುತ್ತಿರಲಿಲ್ಲ.

ಮುದುಕರು ಜಗಲಿಯ ಮೇಲೆ ಎಲೆಅಡಿಕೆಯ ಕವಳ ಹಾಕಿಕೊಂಡು ಕೂತಿದ್ದರು. "ಬನ್ನಿ ಬನ್ನಿ. ಆಸ್ರಿಗೆ ಎಂತ ಅಕ್ಕು?" ಎಂದು ಕುಡಿಯಲು ಏನು ಬೇಕೆಂದು ಕೇಳಿದರು. ಬೆಲ್ಲ, ನೀರು ಬಂತು. ಸಾಹುಕಾರರು ನನಗೆ ಕೇಳಿಸಲೆಂದೇ ಹಿಂದಿನ ದಿನದ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳಿದರು.

"ಹಂದಿ ಇಲ್ಲೆ," ಎಂದರು ಮುದುಕರು. "ಮಂಗ ಇಲ್ಲೆ. ಕಾಡುಕೋಣ ಹೇಳದು ಈ ಸೀಮೆಲೇ ಇಲ್ಲೆ."

ಸಾಹುಕಾರರು ಮೊಣಕೈಯಿಂದ ನನ್ನನ್ನು ತಿವಿದರು. "ಕೇಳಿದ್ರಿಲ್ಲೋ? ಈ ಸೀಮ್ಯಾಗ, ಇಲ್ಲೇ!"

"ಸಾವ್ಕಾರ್ರೇ, ಇಲ್ಲೆ ಅಂದರೆ ಇಲ್ಲ."

"ಏನಿಲ್ಲ?"

"ಹಂದಿ ಇಲ್ಲ."

"ಇಲ್ಲೇ ಅಂದ್ರಲ್ರಿ ಈಗ!"

"ಅದನ್ನೇ ಹೇಳ್ತಾ ಇರೋದು. ನಮ್ಮ ಮನೆಮಾತಿನಲ್ಲಿ ಇಲ್ಲೆ ಅಂದರೆ ಇಲ್ಲ."

"ಮತ್ತ ಇಲ್ಲೇ ಐತಿ ಅನ್ನಾಕ ಏನಂತೀರಿ?"

"ಅದಕ್ಕೂ ಇಲ್ಲೇ ಅಂತೇವೆ. ಸ್ವಲ್ಪ ಎಳೀಬೇಕು."

ಸಾಹುಕಾರರು ನನ್ನನ್ನೂ ಮುದುಕರನ್ನೂ ಒಂದೇ ಕನಿಕರದಿಂದ ನೋಡಿದರು. "ಬಾಳೇವು ಹೆಂಗ್ ಮಾಡ್ತೀರಿ ನೀವು?"

"ಎಂತಡ ಅವ್ರಿಗೆ?" ಎಂದು ಮುದುಕರು ನನ್ನ ಕಡೆ ಬಾಗಿದರು.

"ಮಾವ, ಇವ್ರಿಗೆ ಹಂದಿ ಬೇಕಡ."

"ಹಂದಿ ಬೇಕಡ? ಎಂತಕ್ಕೆ?"

"ಮುಖ ನೋಡಲೆ."

ಮುದುಕರು ಎದ್ದು ಹೋಗಿ ಕವಳ ಉಗಿದು ಬಂದರು. ಜಾಗ ಮಾರುವವರು ನಮ್ಮ ಕಡೆ ಹೇಳುವ ಮೊದಲ ಸುಳ್ಳು ಯಾವುದೆಂದರೆ ಪ್ರಾಣಿಗಳ ಕಾಟ ಇಲ್ಲ ಎಂಬುದು. ಅದನ್ನು ಸುಳ್ಳು ಎಂದು ಅವರೂ ತಿಳಿಯುವುದಿಲ್ಲ. ಮದುವೆಯ ಮಾತುಕತೆಯಲ್ಲಿ ಹುಡುಗ ಸಿಗರೇಟು ಸೇದುವುದಿಲ್ಲ ಅನ್ನುವ ಹಾಗೆ, ಅದೊಂದು ಮರ್ಯಾದೆ. ಕೇಳುವವರೂ ನಂಬುವುದಿಲ್ಲ. ಹೀಗಿರುವಾಗ ಹಂದಿಯೇ ಬೇಕು ಎನ್ನುವ ಗಿರಾಕಿಗೆ ಏನು ಹೇಳಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಮೊದ್ಲೇ ಹೇಳಕ್ಕಾಗಿತ್ತು ಮಾರಾಯ," ಎಂದರು ಕೊನೆಗೆ. "ಹಂದಿ ರಾಶಿ ಇದ್ದು. ಮೊನ್ನೆ ಗೆಣಸಿನ ಗದ್ದೆ ಪೂರಾ ಅಗೆದು ಹಾಕಿಕ್ಕಿ ಹೋಯ್ದು."

ಸಾಹುಕಾರರ ಮುಖ ಅರಳಿತು. ಆದರೆ ಆ ದಿನ ಇನ್ನೊಂದು ಪದ ನಮಗಾಗಿ ಕಾದಿತ್ತು. ಸಾಹುಕಾರರು 'ಬ್ಯಾಟಿ ಜಾಗ' ಎಂದದ್ದನ್ನು ಮುದುಕರು 'ಬೆಟ್ಟದ ಜಾಗ' ಎಂದು ಕೇಳಿಸಿಕೊಂಡಿದ್ದರು. ಬೆಟ್ಟ ಅಂದರೆ ಇಲ್ಲಿ ಬರೀ ಗುಡ್ಡ ಅಲ್ಲ. ಅಡಿಕೆ ತೋಟಕ್ಕೆ ಸೊಪ್ಪು, ಒಣ ಎಲೆ ತಂದುಕೊಳ್ಳಲು ಬಿಟ್ಟುಕೊಟ್ಟ ಕಾಡು. ಸೊಪ್ಪಿನ ಹಕ್ಕು ತೋಟದವರದು, ನೆಲ ಸರ್ಕಾರದ್ದು. ಇಬ್ಬರೂ ಎರಡು ದಿನ ಒಬ್ಬರ ಮಾತನ್ನು ಒಬ್ಬರು ಒಪ್ಪಿಕೊಂಡು ತಲೆಯಾಡಿಸಿದ್ದು ಏನೂ ಅಲ್ಲದ ವಿಷಯಕ್ಕೆ.

"ಬೆಟ್ಟ ಒಂದ್ನೇ ಮಾರಲೆ ಬತ್ತಿಲ್ಲೆ," ಎಂದರು ಮುದುಕರು. "ತೋಟ ತಗಂಡ್ರೆ ಅದ್ರ ಸಂತಿಗೆ ಬತ್ತು. ತೋಟದ ಸಂತಿಗೆ ಬೆಟ್ಟ ಇದ್ದಾ ಕೇಳ್ತಾ ಇದ್ರು ಹೇಳಿ ಆನು ತಿಳ್ಕಂಡಿ."

ಬೆಟ್ಟ ಬರುವುದು ತೋಟದ ಜೊತೆಗೆ ಮಾತ್ರ ಎಂದು ನಾನು ಬಿಡಿಸಿ ಹೇಳಿದೆ. ಸಾಹುಕಾರರು ಕೇಳಿದ್ದು ಒಂದೇ. "ಅಂದ್ರ ನಾ ಆ ಬೆಟ್ಟದಾಗ ಕುಂತಾಗ ಗಾರ್ಡು ಬಂದು ಏಳು ಅನಬಹುದೋ?"

"ಅನ್ನಬಹುದು."

"ನಡೀರಿ ಹಂಗಾದ್ರ."

ಇಷ್ಟು ಪಾಠ ಕಲಿತ ಮೇಲೆ ಎರಡನೆಯ ಜಾಗಕ್ಕೆ ಹೋಗುವ ಮೊದಲು ನಾನೇ ಫೋನು ಮಾಡಿ, ನಮಗೆ ಪ್ರಾಣಿಗಳು ಬೇಕು, ಮುಚ್ಚಿಡಬೇಡಿ ಎಂದು ಹೇಳಿಬಿಟ್ಟೆ. ಇದು ಸಿದ್ದಾಪುರ ತಾಲೂಕು, ಹೇರೂರಿನ ಕಡೆ. ಮಾರುವವನು ಒಬ್ಬ ರೈತ, ನಮ್ಮದೇ ವಯಸ್ಸಿನವನು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ರಸ್ತೆಯಲ್ಲೇ ಕಾಯುತ್ತಿದ್ದ.

"ಹುಲಿ ದಿನಾ ಬತ್ತದೆ," ಎಂದ, ನಾವು ಸ್ಕೂಟರ್ ನಿಲ್ಲಿಸುವ ಮೊದಲೇ.

"ದಿನಾ?"

"ಭಾನುವಾರ ಒಂದು ಹೇಳೂಕೆ ಆಗೂದಿಲ್ಲ. ಚಿರತೆ ಜೋಡಿ ಅದಾವೆ, ಗಂಡ ಹೆಂಡ್ತಿ. ಕರಡಿ ಅಂತೂ ನಮ್ಮನೆ ಮಂದಿ ಇದ್ದಂಗೆ."

"ಆನಿ?"

"ಬ್ಯಾಸಗೇಲಿ ಬತ್ತದೆ."

ಸಾಹುಕಾರರು ವ್ಯಾಪಾರಸ್ಥರು. ಕಣ್ಣು ಕಿರಿದು ಮಾಡಿದರು. "ಸಿಂಹ?"

ಆತ ಒಮ್ಮೆ ನನ್ನ ಮುಖ ನೋಡಿದ. ನಾನು ಯಾವ ಸುಳಿವನ್ನೂ ಕೊಡಲಿಲ್ಲ. "ಸಿಂಹ ಈಗ ಸ್ವಲ್ಪ ಕಮ್ಮಿ ಆಗದೆ," ಎಂದ.

ಇಲ್ಲಿ ಸಾಹುಕಾರರ ಎರಡನೆಯ ತಕರಾರು. ಸಿಂಹದ ಪ್ರಶ್ನೆ ಕೇಳಿದ್ದು ತಾವಲ್ಲ, ನಾನು, ಅಂತ. ಇರಬಹುದು. ಅದು ಅಷ್ಟು ಚೆನ್ನಾಗಿದ್ದರಿಂದ ನಾನು ಅವರಿಗೆ ಕೊಟ್ಟುಬಿಟ್ಟಿರಬಹುದು, ಅಥವಾ ಇಷ್ಟು ದಿನ ಅವರದನ್ನು ಕದ್ದು ನನ್ನದೆಂದು ಹೇಳಿಕೊಂಡು ಬಂದು ಈಗ ವಾಪಸು ಮಾಡುತ್ತಿರಬಹುದು. ಸಿಂಹ ಕಮ್ಮಿ ಆಗಿದೆ ಎಂಬ ಉತ್ತರದ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯ ಇಲ್ಲ.

ಜಾಗ ನೋಡಲು ಹೋಗೋಣ ಅಂದಾಗ ಆತ ನಮ್ಮನ್ನು ರಸ್ತೆ ಬಿಟ್ಟು ಒಂದು ಬೇಲಿಯ ಮುಂದೆ ನಿಲ್ಲಿಸಿ, ಹಾರಿ ಅಂದ. ಜಾಗಕ್ಕೆ ದಾರಿ ಇದ್ದದ್ದು ಅವನ ಅಣ್ಣನ ಅಂಗಳದ ಮೇಲೆ. ಅಣ್ಣ ತಮ್ಮಂದಿರಿಗೆ ಮಾತಿರಲಿಲ್ಲ. ಸಾಹುಕಾರರು ಒಂದು ಕಾಲು ಆಚೆ ಹಾಕಿದರು. ಧೋತರ ಮುಳ್ಳಿಗೆ ಸಿಕ್ಕಿತು. ಬೇಲಿಯ ಮೇಲೆ ಕುದುರೆ ಹತ್ತಿದವರ ಹಾಗೆ ಕೂತು, ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ ಹಿಡಿದು, "ದಿನಾ ಹಿಂಗ ಹಾರಬೇಕೇನಪಾ ನಾ?" ಎಂದು ಕೇಳಿದರು. ಅಷ್ಟರಲ್ಲಿ ಅಣ್ಣ ಅಂಗಳಕ್ಕೆ ಬಂದ. ಅವನು ತಮ್ಮನ ಜೊತೆ ಮಾತಾಡಲಿಲ್ಲ, ನಿಜ. ಸಾಹುಕಾರರನ್ನು ಮಾತ್ರ ದಿಟ್ಟಿಸಿ, "ಇಳೀರಿ ಕೆಳಗೆ," ಎಂದ.

ಏಳು ಎನ್ನುವುದರ ಜೊತೆಗೆ ಈಗ ಇಳಿ ಎನ್ನುವುದೂ ಸೇರಿತು. ವಾಪಸು ಶಿರಸಿಗೆ ಬಂದ ಮೇಲೆ ಸಾಹುಕಾರರು, "ಕ್ಯಾಮೆರಾ ಮಾರಿ ಬಿಡ್ಲೇನ್ರಿ?" ಅಂದರು. ನಗುವುದಕ್ಕೆ ಬಾಯಿ ತೆರೆದವನು ಅವರ ಮುಖ ನೋಡಿ ಮುಚ್ಚಿಕೊಂಡೆ.

ಆಮೇಲಿನದು ಯಲ್ಲಾಪುರದ ಜಾಗ. ಈ ಸಲ ಮೊದಲೇ ಏನನ್ನೂ ಹೇಳಬಾರದು ಎಂದು ತೀರ್ಮಾನವಾಯಿತು. ಮಾರುವವರು ಗಂಡ ಹೆಂಡತಿ. ನಾನು ಭಾವ, ಅಕ್ಕ ಎಂದು ಮಾತಾಡಿಸಿದೆ. ಜಾಗ ನೋಡಿದ ಕೂಡಲೇ ನಮಗಿಬ್ಬರಿಗೂ ಉಸಿರು ಹಗುರವಾಯಿತು. ಅದು ಬ್ಯಾಣ, ಅಂದರೆ ಹುಲ್ಲು ಬೆಳೆಯುವ ಇಳಿಜಾರು. ಬೆಟ್ಟ ಅಲ್ಲ, ಹಿರಿಯರಿಂದ ಬಂದ ಸ್ವಂತ ಮಾಲ್ಕಿ. ರಸ್ತೆ ತುದಿಯವರೆಗೆ ಬರುತ್ತದೆ. ಭಾವನಿಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಮಧ್ಯದಲ್ಲಿ ಅಗಲವಾದ ಒಂದು ಹಾಸುಬಂಡೆ, ಆಚೆ ಕಾಡು. ಸಾಹುಕಾರರು ಹೋಗಿ ಬಂಡೆಯ ಮೇಲೆ ಕೂತರು. ಕೂತು ಸುತ್ತ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕೂತರು.

"ಪ್ರಾಣಿ ಕಾಟ ಹ್ಯಾಂಗೆ ಭಾವ?" ಎಂದು ನಾನು ಸಹಜವಾಗಿ ಕೇಳಿದೆ.

"ಎಂತದೂ ಇಲ್ಲೆ. ಒಂದು ಮೊಲವೂ ಇಲ್ಲೆ."

ಬಿಸಿಲು ಇಳಿಯುವ ಹೊತ್ತು. (ಮೋಡ ಇತ್ತು ಎಂದು ಸಾಹುಕಾರರ ಮೂರನೆಯ ತಕರಾರು. ಮೋಡವೂ ಇರಲಿ.) ಭಾವ ಇನ್ನೊಂದು ಇಲ್ಲೆಗೆ ಬಾಯಿ ತೆರೆದಿದ್ದಾಗಲೇ ಬ್ಯಾಣದ ಮೇಲ್ತುದಿಯಲ್ಲಿ, ಕಾಡಿನ ಅಂಚಿನಿಂದ, ಒಂದು ದೊಡ್ಡ ಕಪ್ಪು ತಲೆ ಹೊರಗೆ ಬಂತು. ಹಿಂದಿನಿಂದ ಕುತ್ತಿಗೆ, ಗುಡ್ಡದಂಥ ಭುಜ. ಹೊಟ್ಟೆಯವರೆಗೆ ಹುಲ್ಲು. ಅದು ನಿಂತು, ನೇರವಾಗಿ, ಪೂರ್ತಿ ಮುಖ ಕೊಟ್ಟು ಸಾಹುಕಾರರನ್ನು ನೋಡಿತು.

"ಕಾಡುಕೋಣ," ಎಂದೆ ನಾನು ಮೆಲ್ಲಗೆ.

"ಕಾಡುಕೋಣ ಇಲ್ಲೆ," ಎಂದ ಭಾವ ಥಟ್ಟನೆ. "ಅದು ನಮ್ಮನೆ ಎಮ್ಮೆ."

ಸಾಹುಕಾರರು ಕ್ಯಾಮೆರಾ ಎತ್ತಿದ್ದರು. ಆ ಮಾತು ಕೇಳಿ ಇಳಿಸಿದರು. "ಇಲ್ಲೆ ಅಂದ್ರ ಇಲ್ಲ ಅಂತ ನನಗೀಗ ತಿಳೀತೈತ್ರಿ ಮಾಸ್ತರ್ರ," ಎಂದು ಹೆಮ್ಮೆಯಿಂದ ಹೇಳಿ, ಕ್ಯಾಮೆರಾದ ಮೂತಿಗೆ ಮುಚ್ಚಳ ಹಾಕಿದರು. ಎಮ್ಮೆಯ ಫೋಟೋ ತೆಗೆಯಲು ಯಲ್ಲಾಪುರದವರೆಗೆ ಬರಬೇಕೆ? ಅವರ ಮನೆಯಲ್ಲೇ ಎಮ್ಮೆಗಳಿದ್ದವು. ಹಾಗಾಗಿ ವಿಚಾರಣೆಗೂ ತೊಡಗಿದರು.

"ಭಾಳ ಗಟ್ಟಿ ಎಮ್ಮಿ ಐತ್ರಿ. ಹಾಲು?"

"ಈಗ ಇಲ್ಲೆ," ಎಂದ ಭಾವ. ಅವನ ಹಣೆ ಬೆವರುತ್ತಿತ್ತು. "ಗಬ್ಬ."

"ಗಬ್ಬದ ಎಮ್ಮಿನ ಅಷ್ಟು ಮ್ಯಾಲೆ ಬಿಡಬಾರ್ದ್ರಿ! ಕಾಲು ಜಾರಿದ್ರ ಏನ್ ಗತಿ? ಕರಕೊಂಡು ಬರ್ರಿ ಇಲ್ಲಿ, ನೋಡೂಣು."

ಭಾವ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ. ಆಗ ಆತ, ಜಾಗ ಮಾರಲೇಬೇಕೆಂದು ಹೊರಟ ಮನುಷ್ಯ ಎಷ್ಟು ದೂರ ಹೋಗಬಲ್ಲ ಎಂಬುದನ್ನು ತೋರಿಸಿದ. ಇಳಿಜಾರಿನ ಮೇಲೆ ನಾಲ್ಕು ಹೆಜ್ಜೆ ಹತ್ತಿ, ಕೈ ಚಾಚಿ, ಹೆಚ್ಚು ದೂರ ಹೋಗದಂಥ ದನಿಯಲ್ಲಿ, "ಬಾ... ಬಾ... ಹೋಯ್," ಎಂದು ಕರೆದ. ಕೋಣ ತಲೆ ತಗ್ಗಿಸಿ ಬುಸ್ ಅಂದಿತು. ಭಾವ ಹತ್ತಿದ್ದಕ್ಕಿಂತ ಬೇಗ ಇಳಿದು ಬಂದ.

"ಹೊಸಬ್ರು ಇದ್ರೆ ಬತ್ತಿಲ್ಲೆ ಅದು," ಎಂದ ಏದುಸಿರು ಬಿಡುತ್ತ. "ರಾಶಿ ನಾಚ್ಗೆ."

ನಾಚಿಕೆಯೋ ಏನೋ, ಕೋಣ ಸಾವಕಾಶವಾಗಿ ತಿರುಗಿ ಹಿಂಭಾಗ ತೋರಿಸಿತು. ಸಾಹುಕಾರರು ಬಂಡೆಯಿಂದ ನೆಗೆದು ನಿಂತರು.

"ಮಾಸ್ತರ್ರ! ಕಾಡುಕೋಣ! ಇದರ ಕುಂಡಿ ನನಗ ಗೊತ್ತೈತ್ರಿ!"

ಮುಚ್ಚಳ ತೆಗೆಯದೆಯೇ ಫೋಟೋ ಹೊಡೆದರು. ಆ ಚಿತ್ರ ಇನ್ನೂ ಅವರ ಮೊಬೈಲಿನಲ್ಲಿದೆ. ಪೂರ್ತಿ ಕಪ್ಪು. ಕೋಣವೇ ಕಪ್ಪಲ್ಲವೇ ಎಂದು ವಾದಿಸುತ್ತಾರೆ.

ಕೂಗು ಕೇಳಿ ಅಕ್ಕ ಚಹಾದ ತಟ್ಟೆ ಹಿಡಿದುಕೊಂಡು ಬಂದಳು. "ಮತ್ತೆ ಬಂತನಾ ಆ ಕೋಣ! ಎಂತ ನೋಡ್ತಾ ನಿಂತ್ಕಂಡಿದ್ರಿ, ಡಬ್ಬಿ ಬಡೀಲೆ ಆಗ್ತಿಲ್ಯಾ?" ಎಂದು ಗಂಡನನ್ನು ಬೈದಳು. ಭಾವ ಕಣ್ಣಿನಲ್ಲೇ ಸುಮ್ಮನಿರು ಎಂದ. ಆದರೆ ಸಾಹುಕಾರರು ಆಗಲೇ ಕೈಮುಗಿದು, ತಮಗೆ ಇದೇ ಜಾಗ ಬೇಕು, ಕೋಣದ ಸಮೇತ ಬೇಕು ಎಂದು ಹೇಳುತ್ತಿದ್ದರು.

ಅಕ್ಕನಿಗೆ ಅರ್ಥವಾಗಲಿಲ್ಲ. ನಾನು ಮೊದಲಿನಿಂದ ಹೇಳಿದೆ: ಬಾಲಗಳು, ಮುಖ, ಗಾರ್ಡು, ಬೇಲಿ. ಕೇಳುತ್ತ ಕೇಳುತ್ತ ಆಕೆ ತಟ್ಟೆಯನ್ನು ಬಂಡೆಯ ಮೇಲಿಟ್ಟು ನಗತೊಡಗಿದಳು. ನಗು ನಿಲ್ಲದೆ ತಾನೂ ಅಲ್ಲೇ ಕೂತಳು.

"ನಂಗ ಈ ಜಾಗ ಮಾರಲೆ ಹೊಂಟಿದ್ದೇ ಕೋಣ, ಮಂಗ ಬತ್ತು ಹೇಳಿ! ಈ ಕಲ್ಲಿನ ಮೇಲೆ ಎಂತ ಒಣಗಿಸಿದ್ರೂ ಉಳೀತಿಲ್ಲೆ. ಕಾಯಲೆ ಜನ ಇಲ್ಲೆ." ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಸಾಹುಕಾರರನ್ನು ಮೇಲಿಂದ ಕೆಳಗೆ ಅಳೆದಳು. "ಇವ್ರು ಇಲ್ಲಿ ಇಡೀ ದಿನ ಸುಮ್ಮಂಗೆ ಕೂತ್ಕತ್ರಡನಾ?"

"ಅದಕ್ಕೇ ಜಾಗ ಹುಡುಕ್ತಾ ಇದ್ದಿದ್ದು."

"ಹಂಗಾರೆ ಮಾರದು ಎಂತಕ್ಕೆ?" ಎಂದು ಗಂಡನ ಕಡೆ ತಿರುಗಿದಳು. ಆಮೇಲೆ ಸಾಹುಕಾರರಿಗೆ ಅರ್ಥವಾಗಲೆಂದು ಪೇಟೆಯ ಕನ್ನಡದಲ್ಲಿ, "ನೀವು ಕೂತ್ಕಳಿ. ಎಷ್ಟು ದಿನ ಬೇಕಾದ್ರೂ ಕೂತ್ಕಳಿ. ನಮ್ಮ ಹಲಸಿನ ಹಪ್ಪಳ ಕಾಯ್ಕೊಳ್ಳಿ, ಅಷ್ಟೇ," ಎಂದಳು.

ಖರೀದಿಯ ಮಾತು ಅಲ್ಲಿಗೆ ನಿಂತಿತು, ಇನ್ನೂ ಅಲ್ಲೇ ನಿಂತಿದೆ. ಸಾಹುಕಾರರ ಕೊನೆಯ ತಕರಾರು ಈ ಭಾಗದ ಮೇಲೆ. ಅವರನ್ನು ಹಪ್ಪಳ ಕಾಯಲು ಇಟ್ಟುಕೊಂಡರು ಎಂದು ನಾನು ಬರೆದಿದ್ದೆ. ಮನೆಯವರ ಒತ್ತಾಯಕ್ಕೆ ಒಪ್ಪಿಕೊಂಡೆ ಎಂದು ತಿದ್ದಿಸಿದ್ದಾರೆ. ಹೇಗೂ ಹಲಸಿನ ಕಾಲ ಶುರುವಾದ ಮೇಲೆ ಅವರು ಊರಿನಿಂದ ಬುತ್ತಿ ಕಟ್ಟಿಕೊಂಡು ಬಂದು ಆ ಬಂಡೆಯ ಮೇಲೆ ಕೂರುವುದು ರೂಢಿಯಾಯಿತು. ಒಂದು ಕೈ ಹತ್ತಿರ ಕೋಲು, ಇನ್ನೊಂದು ಕೈ ಹತ್ತಿರ ಕ್ಯಾಮೆರಾ, ಸುತ್ತಲೂ ಚಾಪೆಯ ಮೇಲೆ ಹಪ್ಪಳ. ಕಾಯುವವನು ಕೂತಿದ್ದಾನೆಂದು ಕೋಣ ಬರುವುದನ್ನು ಬಿಟ್ಟಿತು. ಹಂದಿಯೂ ಬರಲಿಲ್ಲ. ಅಕ್ಕನಿಗೆ ಬಹಳ ಸಂತೋಷ. ಸಾಹುಕಾರರು ದಿನದಿಂದ ದಿನಕ್ಕೆ ಸಪ್ಪಗಾದರು.

ನಾನೂ ಅಲ್ಲಿದ್ದ ಒಂದು ಮಧ್ಯಾಹ್ನ ಮಂಗ ಬಂತು. ಮರದಿಂದ ಇಳಿದು, ನಡೆದುಕೊಂಡೇ ಬಂದು, ಚಾಪೆಯ ಆಚೆ ತುದಿಯಲ್ಲಿ ಸಾಹುಕಾರರ ಎದುರು ಕೂತಿತು. ಮುಖಕ್ಕೆ ಮುಖ. ಹುಬ್ಬು ಏರಿಸಿ ಅವರನ್ನು ನೋಡಿತು. ಸಾಹುಕಾರರ ಒಂದು ಕೈ ಕೋಲಿನ ಕಡೆ ಹೋಯಿತು, ಅರ್ಧದಲ್ಲಿ ನಿಂತಿತು. ಮಂಗ ಒಂದು ಹಪ್ಪಳ ಎತ್ತಿ ಬಾಯಿಗಿಟ್ಟಿತು. ಅದರ ಹಿಂದೆ ಮರದಿಂದ ಇನ್ನಷ್ಟು ಇಳಿಯುತ್ತಿದ್ದವು.

"ಸಾವ್ಕಾರ್ರೇ, ಕೋಲು!" ಎಂದೆ.

"ತಡೀರಿ, ತಡೀರಿ," ಎಂದರು ಉಸಿರು ಬಿಗಿಹಿಡಿದು. ಮುಚ್ಚಳ ತೆಗೆದಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಂಡು, ಒತ್ತಿದರು.

ಚಾಪೆ ಖಾಲಿಯಾಗುವಷ್ಟು ಹೊತ್ತು ಒತ್ತಿದರು. ಅದ್ಭುತ ಚಿತ್ರ. ರೆಪ್ಪೆಯ ಕೂದಲನ್ನೂ ಎಣಿಸಬಹುದು. ಆದರೆ ಆ ಹೊತ್ತಿಗೆ ನೋಡಿ ಹಿಗ್ಗುವ ಸ್ಥಿತಿಯಲ್ಲಿ ಅವರಿರಲಿಲ್ಲ. ಕೋಲನ್ನು ಬಂಡೆಗೆ ಒರಗಿಸಿಟ್ಟು, ಬುತ್ತಿಯ ಚೀಲ ಕಟ್ಟಿಕೊಂಡು, ಯಾರಾದರೂ ಏಳು ಅನ್ನುವ ಮೊದಲೇ ಎದ್ದು ನಿಂತಿದ್ದರು. ಅಕ್ಕ ಬಂದು ಚಾಪೆ ನೋಡಿದಳು. ಸಾಹುಕಾರರು ಕ್ಯಾಮೆರಾ ಮುಂದೆ ಹಿಡಿದರು.

ಅಕ್ಕ ಬಹಳ ಹೊತ್ತು ನೋಡಿದಳು. ದೊಡ್ಡದು ಮಾಡಿ ತೋರಿಸಿ ಅಂದಳು. ಸಾಹುಕಾರರು ಮುಖವನ್ನು ದೊಡ್ಡದು ಮಾಡಿದರು. ಅದಲ್ಲ, ಕೆಳಗೆ, ಬಾಯಿಯ ಹತ್ತಿರ ಅಂದಳು. ಮಂಗ ಕಚ್ಚಿ ಹಿಡಿದಿದ್ದ ಹಪ್ಪಳದ ಅಂಚನ್ನು ಕಣ್ಣು ಕಿರಿದು ಮಾಡಿ ಪರೀಕ್ಷಿಸಿದಳು.

"ಹಲ್ಲು ಊರಿದಲ್ಲಿ ಬಗ್ಗಿದ್ದು ನೋಡಿ. ಸಮಾ ಒಣಗಿದ್ದೇ ಇಲ್ಲೆ," ಎಂದಳು. "ಇನ್ನೊಂದು ಬಿಸ್ಲು ಬೇಕಾಗಿತ್ತು. ನಾಳೆ ಸ್ವಲ್ಪ ಬೇಗ ಬನ್ನಿ."